ಬ್ರೇಕಿಂಗ್ ಬ್ಯಾಡ್, ಓಜಾರ್ಕ್, ಬೆಟರ್ ಕಾಲ್ ಸಾಲ್, ವೀಡ್ಸ್: ಯಾವುದನ್ನು ಮೊದಲು ನೋಡಬೇಕು?

ಡ್ರಗ್ಸ್ ದಂಧೆಗೆ ಇಳಿಯುವ ಸಾಮಾನ್ಯ ಮನುಷ್ಯನ ಕಥೆ ಬೇಕು ಅಂದರೆ ಯಾರನ್ನು ಕೇಳಿದರೂ ‘ಬ್ರೇಕಿಂಗ್ ಬ್ಯಾಡ್’ ಅನ್ನುತ್ತಾರೆ. ತಪ್ಪೇನಿಲ್ಲ. ಆದರೆ ಅದನ್ನು ಶುರು ಮಾಡಿ ಎರಡನೇ ಎಪಿಸೋಡಿಗೇ ಕೈಬಿಟ್ಟವರೂ ಬೇಕಾದಷ್ಟು ಜನ ಇದ್ದಾರೆ. ಅಂಥವರಿಗೆ ‘ಓಜಾರ್ಕ್’ ಹಿಡಿಸಬಹುದು. ಓಜಾರ್ಕ್ ನೋಡಿ ಉಸಿರು ಕಟ್ಟಿದಂತಾದವರಿಗೆ ‘ವೀಡ್ಸ್’ ಸರಿಹೋಗಬಹುದು. ವಸ್ತು ಒಂದೇ ಆದರೂ ರುಚಿ ಬೇರೆ ಬೇರೆ.

ಸಮಯದ ಲೆಕ್ಕ ಮೊದಲು ಮುಗಿಸಿಬಿಡೋಣ. ಬ್ರೇಕಿಂಗ್ ಬ್ಯಾಡ್‌ನಲ್ಲಿ 62 ಎಪಿಸೋಡ್, ಒಂದೊಂದೂ ಮುಕ್ಕಾಲು ಗಂಟೆ ಚಿಲ್ಲರೆ. ‘ಬೆಟರ್ ಕಾಲ್ ಸಾಲ್’ನಲ್ಲಿ 63. ಓಜಾರ್ಕ್‌ನಲ್ಲಿ 44 ಅಷ್ಟೇ, ಆದರೆ ಒಂದೊಂದೂ ಸುಮಾರು ಒಂದು ಗಂಟೆ. ವೀಡ್ಸ್‌ನಲ್ಲಿ 102, ಎಲ್ಲ ಅರ್ಧ ಗಂಟೆಯ ಆಸುಪಾಸಿನವು. ಲೆಕ್ಕ ಹಾಕಿದರೆ ನಾಲ್ಕರಲ್ಲಿ ಒಂದೊಂದೂ ಸುಮಾರು 45-50 ಗಂಟೆಗೆ ಬಂದು ನಿಲ್ಲುತ್ತದೆ. ಚಿಕ್ಕದು ಯಾವುದು ಅಂತ ಹುಡುಕಿ ಲಾಭವಿಲ್ಲ. ರೇಟಿಂಗ್ ನೋಡಿ ಆರಿಸುವುದೂ ಅಷ್ಟಕ್ಕಷ್ಟೇ.

ನಾನು ನೋಡುವುದು ಬೇರೆಯೇ ಒಂದು ವಿಷಯವನ್ನು. ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಒಂದು ಮಾತು ಬರುತ್ತದೆ: ಇದೆಲ್ಲ ಮಾಡುತ್ತಿರುವುದು ಮನೆಯವರಿಗೋಸ್ಕರ. ಆ ನೆಪ ಎಷ್ಟು ದಿನ ನಡೆಯುತ್ತದೆ, ಅದರ ಬಣ್ಣ ಬಯಲಾಗುವುದು ಯಾವಾಗ, ಯಾರ ಎದುರು? ನಾಲ್ಕು ಸೀರೀಸ್‌ಗಳೂ ಬೇರೆ ಬೇರೆ ದಾರಿ ಹಿಡಿಯುವುದು ಇಲ್ಲೇ. ನಿಮಗೆ ಯಾವುದು ಹಿಡಿಸುತ್ತದೆ ಅನ್ನುವುದೂ ಬಹುಪಾಲು ಇದರಿಂದಲೇ ತಿಳಿಯುತ್ತದೆ. ಮುಂದೆ ಕಥೆಯ ಶುರುವಿನ ಕೆಲವು ವಿಷಯ ಬರುತ್ತವೆ. ಯಾವುದರ ಕೊನೆಯನ್ನೂ ಹೇಳುವುದಿಲ್ಲ.

ಬ್ರೇಕಿಂಗ್ ಬ್ಯಾಡ್ (2008–2013)

ನಮ್ಮ ಕಡೆ ಮೇಷ್ಟ್ರಿಗೆ ಸಂಬಳ ಸಾಲದಿದ್ದರೆ ಸಂಜೆ ಟ್ಯೂಷನ್ ಹೇಳುತ್ತಾರೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ಊರಿನ ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್ ಕಾರು ತೊಳೆಯುವ ಅಂಗಡಿಯಲ್ಲಿ ಗಲ್ಲಾ ಮೇಲೆ ನಿಲ್ಲುತ್ತಾನೆ. ಆಳು ಕಡಿಮೆಯಾದ ದಿನ ಬಟ್ಟೆ ಹಿಡಿದು ಟೈರನ್ನೂ ಉಜ್ಜಬೇಕು. ಮೊದಲ ಎಪಿಸೋಡಿನಲ್ಲೇ ಮಂಡಿಯೂರಿ ಒಂದು ಕಾರಿನ ಟೈರ್ ಉಜ್ಜುತ್ತಿರುತ್ತಾನೆ. ತಲೆ ಎತ್ತಿ ನೋಡಿದರೆ ಅದು ಅವನದೇ ಕ್ಲಾಸಿನ ಹುಡುಗನ ಕಾರು. ಹುಡುಗ ಕಿಚಾಯಿಸುತ್ತಾನೆ. ಜೊತೆಗಿದ್ದ ಹುಡುಗಿ ಫೋನಿನಲ್ಲಿ ಯಾರಿಗೋ ಹೇಳಿಕೊಂಡು ನಗುತ್ತಾಳೆ. ಈ ದೃಶ್ಯ ಎರಡು ನಿಮಿಷವೂ ಇಲ್ಲ. ಆದರೆ ಮುಂದೆ ಐದು ಸೀಸನ್ ಈ ಮನುಷ್ಯ ಮಾಡುವುದಕ್ಕೆಲ್ಲ ಬೇರು ಇಲ್ಲೇ ಇದೆ.

50 ತುಂಬುವ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಗುತ್ತದೆ. ಹೆಂಡತಿ ಬಸುರಿ. ಮಗನಿಗೆ ಸೆರೆಬ್ರಲ್ ಪಾಲ್ಸಿ. ಷಡ್ಡಕ ಹ್ಯಾಂಕ್ ಮಾದಕ ವಸ್ತು ನಿಯಂತ್ರಣ ಇಲಾಖೆಯ ಅಧಿಕಾರಿ. ಅವನ ಜೊತೆ ಒಂದು ದಾಳಿ ನೋಡಲು ಹೋದಾಗ ಹಳೇ ಸ್ಟೂಡೆಂಟ್ ಜೆಸ್ಸಿ ಪಿಂಕ್‌ಮನ್ ಕಿಟಕಿಯಿಂದ ಜಿಗಿದು ಓಡುವುದು ಕಾಣುತ್ತದೆ. ಮೇಷ್ಟ್ರು, ಶಿಷ್ಯ ಸೇರಿ ಮೆತ್ ಅನ್ನುವ ಮಾದಕ ವಸ್ತು ತಯಾರಿಸಲು ಶುರು ಮಾಡುತ್ತಾರೆ.

ಇಲ್ಲಿಯವರೆಗೆ ನಾವು ಪೂರ್ತಿ ಅವನ ಪರ. ಆಸ್ಪತ್ರೆ ಬಿಲ್ಲಿನ ಭಯ ನಮಗೇನು ಹೊಸದಲ್ಲ, ಅಲ್ವಾ? ಆದರೆ ಐದನೇ ಎಪಿಸೋಡಿನಲ್ಲಿ ಒಂದು ತಿರುವು ಇದೆ. ಹಿಂದೆ ವಾಲ್ಟರ್ ಜೊತೆ ಕಂಪನಿ ಕಟ್ಟಿದ, ಈಗ ಕೋಟ್ಯಾಧಿಪತಿಯಾದ ಗೆಳೆಯ ಕೆಲಸ ಕೊಡುತ್ತೇನೆ, ಚಿಕಿತ್ಸೆಯ ಖರ್ಚನ್ನೂ ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ವಾಲ್ಟರ್ ಬೇಡ ಅನ್ನುತ್ತಾನೆ. ಇನ್ನೊಬ್ಬರ ಹಂಗಿನಲ್ಲಿ ಬದುಕುವುದಕ್ಕಿಂತ ಮೆತ್ ಮಾರುವುದೇ ಅವನಿಗೆ ವಾಸಿ. ‘ಮನೆಯವರಿಗೋಸ್ಕರ’ ಅನ್ನುವ ನೆಪ ಕಥೆ ಶುರುವಾಗಿ ಐದೇ ಎಪಿಸೋಡಿಗೆ ನಮ್ಮ ಎದುರು ಬಯಲಾಯಿತು. ಅವನೇ ಅದನ್ನು ಒಪ್ಪಿಕೊಳ್ಳಲು ಇನ್ನೂ ಎಷ್ಟು ಕಾಲ ಬೇಕಾಗುತ್ತದೆ ಅನ್ನುವುದೇ ಉಳಿದ ಕಥೆ.

ಅದೇ ಎಪಿಸೋಡಿನಲ್ಲಿ ಮನೆಯವರೆಲ್ಲ ಹಾಲ್‌ನಲ್ಲಿ ಕೂತು ಚಿಕಿತ್ಸೆ ತಗೋ ಅಂತ ಅವನಿಗೆ ಬುದ್ಧಿ ಹೇಳುವ ದೃಶ್ಯ ಇದೆ. ಒಂದು ದಿಂಬು. ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು ಅಂತ ಹೆಂಡತಿ ಸ್ಕೈಲರ್ ನಿಯಮ ಮಾಡಿದ್ದಾಳೆ. ದಿಂಬು ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಹ್ಯಾಂಕ್ ಏನೇನೋ ತೊದಲುತ್ತಾನೆ. ನಾದಿನಿ ಇದ್ದಕ್ಕಿದ್ದಂತೆ ಪಕ್ಷ ಬದಲಿಸುತ್ತಾಳೆ. ಜಗಳ ಹತ್ತುತ್ತದೆ. ನಗುವೂ ಬರುತ್ತದೆ, ಹೊಟ್ಟೆಯೊಳಗೆ ಸಂಕಟವೂ ಆಗುತ್ತದೆ. ಗನ್ನು, ಗಲಾಟೆ ಏನೂ ಇಲ್ಲ, ಸುಮ್ನೆ ಒಂದು ಸೋಫಾ. ಈ ಸೀರೀಸ್ ನಿಮಗೆ ಹಿಡಿಸುತ್ತದೋ ಇಲ್ಲವೋ ಅಂತ ತಿಳಿಯಲು ಈ ದೃಶ್ಯಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ.

ಎರಡನೇ ಸೀಸನ್ ಶುರುವಿನಲ್ಲಿ ವಾಲ್ಟರ್ ಬಾಯಲ್ಲೇ ಲೆಕ್ಕ ಹಾಕುತ್ತಾನೆ. ಮಕ್ಕಳ ಕಾಲೇಜು, ಮನೆ ಸಾಲ, ಹತ್ತು ವರ್ಷದ ಮನೆ ಖರ್ಚು ಎಲ್ಲ ಸೇರಿ 7,37,000 ಡಾಲರ್. ಅಷ್ಟಾದರೆ ಮುಗಿಯಿತು, ಬಿಟ್ಟುಬಿಡುತ್ತೇನೆ ಅನ್ನುವ ಲೆಕ್ಕ. ಐದನೇ ಸೀಸನ್ನಿನ ಹೊತ್ತಿಗೆ ದುಡ್ಡಿನ ರಾಶಿ ಗೋಡೌನಿನಲ್ಲಿ ಬಿದ್ದಿರುತ್ತದೆ. ಎಷ್ಟಿದೆ ಅಂತ ಎಣಿಸುವುದನ್ನೂ ಸ್ಕೈಲರ್ ಬಿಟ್ಟಿರುತ್ತಾಳೆ. ಆದರೂ ವಾಲ್ಟರ್‌ಗೆ ಸಾಲದು.

ಹಿಂಸೆಯ ವಿಷಯ ಹೇಳಲೇಬೇಕು. ಎರಡನೇ ಎಪಿಸೋಡಿನ ಕೊನೆ ಅಸಹ್ಯ ಹುಟ್ಟಿಸುವಂಥದ್ದು. ಬಹಳ ಜನ ಬಿಟ್ಟು ಏಳುವುದು ಅಲ್ಲೇ. ಆದರೆ ಇಲ್ಲಿ ಸಾವಿಗೆ ತೂಕ ಇದೆ. ಮೂರನೇ ಎಪಿಸೋಡಿನಲ್ಲಿ, ನೆಲಮಾಳಿಗೆಯಲ್ಲಿ ಕಟ್ಟಿಹಾಕಿದವನನ್ನು ಕೊಲ್ಲಬೇಕೋ ಬಿಡಬೇಕೋ ಅಂತ ವಾಲ್ಟರ್ ಕಾಗದದಲ್ಲಿ ಎರಡು ಪಟ್ಟಿ ಬರೆಯುತ್ತಾನೆ. ಬಿಡಬೇಕು ಅನ್ನುವ ಕಡೆ ಉದ್ದದ ಪಟ್ಟಿ. ಕೊಲ್ಲಬೇಕು ಅನ್ನುವ ಕಡೆ ಒಂದೇ ಸಾಲು: ಬಿಟ್ಟರೆ ಸಂಸಾರವನ್ನೆಲ್ಲ ಕೊಲ್ಲುತ್ತಾನೆ. ಇದರ ನಡುವೆ ಅವನಿಗೆ ಸ್ಯಾಂಡ್‌ವಿಚ್ ಬೇರೆ ಮಾಡಿಕೊಡುತ್ತಾನೆ, ಅವನಿಗೆ ಇಷ್ಟ ಅಂತ ಬ್ರೆಡ್ಡಿನ ಅಂಚು ಕತ್ತರಿಸಿ. ಒಂದು ಕೊಲೆಯ ಯೋಚನೆಗೆ ಇಷ್ಟು ಹೊತ್ತು ಕೊಟ್ಟ ಕ್ರೈಮ್ ಸೀರೀಸ್ ಕಡಿಮೆ.

‘ತುಂಬಾ ನಿಧಾನ’ ಅನ್ನುವ ದೂರು ಅರ್ಧ ನಿಜ. ಮೊದಲ ಸೀಸನ್ ಏಳೇ ಎಪಿಸೋಡ್. 2007-08ರಲ್ಲಿ ಅಮೆರಿಕದ ಚಿತ್ರಕಥೆಗಾರರ ಮುಷ್ಕರ ನಡೆಯಿತು, ಅದರಿಂದ ಸೀಸನ್ ಮೊಟಕಾಯಿತು. ಆರನೇ ಎಪಿಸೋಡಿನಲ್ಲಿ ವಾಲ್ಟರ್ ತಲೆ ಬೋಳಿಸಿಕೊಂಡು ಒಬ್ಬ ರೌಡಿಯ ಆಫೀಸಿಗೆ ನುಗ್ಗುತ್ತಾನೆ. ಅಲ್ಲಿಯ ತನಕ ನೋಡಿ. ಆಗಲೂ ಹಿಡಿಸಲಿಲ್ಲ ಅಂದರೆ ಮುಲಾಜಿಲ್ಲದೆ ಬಿಟ್ಟುಬಿಡಿ. ಮೂರನೇ ಸೀಸನ್ನಿನಲ್ಲಿ ಒಂದು ಇಡೀ ಎಪಿಸೋಡ್ ಇಬ್ಬರು ಸೇರಿ ಲ್ಯಾಬಿನಲ್ಲಿ ಒಂದು ನೊಣ ಹೊಡೆಯಲು ಒದ್ದಾಡುವುದರಲ್ಲೇ ಕಳೆಯುತ್ತದೆ. ಖರ್ಚು ಉಳಿಸಲು ಮಾಡಿದ ಎಪಿಸೋಡ್ ಅದು. ಕೆಲವರಿಗೆ ಅದು ಈ ಸೀರೀಸಿನ ಅತಿ ಬೋರು ಭಾಗ. ನನಗೆ ಬಹಳ ಇಷ್ಟ.

ನಟನೆ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಬ್ರಯನ್ ಕ್ರ್ಯಾನ್‌ಸ್ಟನ್ ಈ ಪಾತ್ರಕ್ಕೆ ಅಮೆರಿಕದ ಟೀವಿ ಪ್ರಶಸ್ತಿಯಾದ ಎಮ್ಮಿಯನ್ನು ನಾಲ್ಕು ಸಲ ತೆಗೆದುಕೊಂಡರು. ಜೆಸ್ಸಿಯಾಗಿ ನಟಿಸಿದ ಏರನ್ ಪಾಲ್‌ಗೆ ಮೂರು. ಜೆಸ್ಸಿಯನ್ನು ಬೇಗನೆ ಸಾಯಿಸುವ ಯೋಚನೆ ಸೀರೀಸ್ ಸೃಷ್ಟಿಸಿದ ವಿನ್ಸ್ ಗಿಲಿಗನ್‌ಗೆ ಮೊದಲು ಇತ್ತಂತೆ. ಸದ್ಯ, ಮನಸ್ಸು ಬದಲಾಯಿಸಿದರು. ರಸಾಯನಶಾಸ್ತ್ರವೂ ಬರೀ ಬೊಗಳೆ ಅಲ್ಲ. ಒಕ್ಲಹೋಮಾ ವಿಶ್ವವಿದ್ಯಾಲಯದ ಪ್ರೊಫೆಸರ್ ಡೋನಾ ನೆಲ್ಸನ್ ಸಲಹೆಗಾರರಾಗಿದ್ದರು. ಆದರೆ ನೋಡಿ ಯಾರೂ ಕಲಿಯಬಾರದು ಅಂತ ಬೇಕೆಂದೇ ಕೆಲವು ಹಂತಗಳನ್ನು ಬಿಟ್ಟಿದ್ದಾರೆ.

ಇನ್ನೊಂದು ಮಾತು. ನೋಡುವಾಗ ಸ್ಕೈಲರ್ ಮೇಲೆ ಸಿಟ್ಟು ಬಂದರೆ ಒಂದು ನಿಮಿಷ ತಡೆಯಿರಿ. ಗಂಡ ಸುಳ್ಳು ಹೇಳುತ್ತಿದ್ದಾನೆ ಅಂತ ಮನೆಯಲ್ಲಿ ಮೊದಲು ವಾಸನೆ ಹಿಡಿಯುವವಳು ಅವಳು. ಆದರೂ ಲೋಕದ ತುಂಬಾ ಅವಳನ್ನು ಎಷ್ಟು ಬೈದರು ಅಂದರೆ, ಆ ಪಾತ್ರ ಮಾಡಿದ ಆನಾ ಗನ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದರ ಬಗ್ಗೆಯೇ ಲೇಖನ ಬರೆದರು.

ಓಜಾರ್ಕ್ (2017–2022)

ವಾಲ್ಟರ್ ಸರಕು ತಯಾರಿಸುವವನು. ಓಜಾರ್ಕ್‌ನ ಮಾರ್ಟಿ ಬರ್ಡ್ ಸರಕನ್ನು ಮುಟ್ಟುವವನೂ ಅಲ್ಲ. ಶಿಕಾಗೋದ ಹಣಕಾಸು ಸಲಹೆಗಾರ. ಮೆಕ್ಸಿಕೊದ ಕಾರ್ಟೆಲ್ (ಡ್ರಗ್ಸ್ ಗ್ಯಾಂಗ್) ಒಂದರ ಕಪ್ಪು ಹಣವನ್ನು ಬಿಳಿ ಮಾಡಿಕೊಡುವುದು ಅವನ ಗುಟ್ಟಿನ ಕಸುಬು. ಕಥೆ ಶುರುವಾಗುವಾಗಲೇ ಅವನು ದಂಧೆಯೊಳಗೆ ಇದ್ದಾನೆ. ಪಾರ್ಟ್ನರ್ 80 ಲಕ್ಷ ಡಾಲರ್ ಕದ್ದು ಸಿಕ್ಕಿಬೀಳುತ್ತಾನೆ. ಮಾರ್ಟಿಯ ತಲೆಗೂ ಗನ್ ಬರುತ್ತದೆ. ಆಗ ಅವನ ಬಾಯಿಂದ ಬರುವುದು ಒಂದು ಬಿಸಿನೆಸ್ ಪ್ಲಾನ್. ಮಿಸೌರಿ ರಾಜ್ಯದಲ್ಲಿ ಓಜಾರ್ಕ್ಸ್ ಅಂತ ಕೆರೆ ಇದೆ, ಬೇಸಿಗೆಯಲ್ಲಿ ಪ್ರವಾಸಿಗರು, ಎಲ್ಲ ನಗದು ವ್ಯವಹಾರ, ಅಲ್ಲಿ ನಿಮ್ಮ ದುಡ್ಡನ್ನೆಲ್ಲ ತೊಳೆದುಕೊಡುತ್ತೇನೆ ಅಂತ. ಆ ಊರನ್ನು ಅವನು ನೋಡಿಯೇ ಇರುವುದಿಲ್ಲ. ಒಂದು ಪ್ರವಾಸಿ ಕರಪತ್ರದ ಬಲದ ಮೇಲೆ ಜೀವ ಉಳಿಸಿಕೊಂಡು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾನೆ.

ಹಣ ತೊಳೆಯುವುದು ಅಂದರೆ ಏನು ಅಂತ ತಿಳಿಯುವ ಆಸೆ ಇದ್ದವರಿಗೆ ಓಜಾರ್ಕ್ ಬೇಕು. ನಷ್ಟದಲ್ಲಿರುವ ಒಂದು ಹೋಟೆಲಿನಲ್ಲಿ ಪಾಲು ತಗೋ. ಇಲ್ಲದ ಗಿರಾಕಿಗಳಿಗೆ ಬಿಲ್ ಹಾಕು. ರಿಪೇರಿ ಮಾಡಿಸಿ ಹತ್ತು ರೂಪಾಯಿ ಕೆಲಸಕ್ಕೆ ನೂರು ಅಂತ ಪುಸ್ತಕದಲ್ಲಿ ತೋರಿಸು. ತೆರಿಗೆ ಕಟ್ಟು. ಈಗ ಆ ದುಡ್ಡಿಗೆ ಅಪ್ಪ ಅಮ್ಮ ಇದ್ದಾರೆ. ಬ್ರೇಕಿಂಗ್ ಬ್ಯಾಡ್‌ನಲ್ಲೂ ಇದೇ ಕೆಲಸ ಬರುತ್ತದೆ. ವಾಲ್ಟರ್ ಟೈರ್ ಉಜ್ಜುತ್ತಿದ್ದ ಅದೇ ಅಂಗಡಿಯನ್ನು ಕೊಂಡು ಸ್ಕೈಲರ್ ಸುಳ್ಳು ರಸೀದಿ ಹರಿಯುತ್ತಾಳೆ. ಆದರೆ ಅಲ್ಲಿ ಅದು ಒಂದು ಎಳೆ, ಇಲ್ಲಿ ಅದೇ ಇಡೀ ಬಟ್ಟೆ.

ನೆಪದ ವಿಷಯಕ್ಕೆ ಬಂದರೆ ಓಜಾರ್ಕ್ ಬೇರೆ ದಾರಿ ಹಿಡಿಯುತ್ತದೆ. ವಾಲ್ಟರ್ ಮನೆಯವರಿಂದ ಮುಚ್ಚಿಟ್ಟ. ಮಾರ್ಟಿ ಬೇಗನೆ ಮಕ್ಕಳಿಗೂ ಹೇಳಿಬಿಡುತ್ತಾನೆ. ಅಲ್ಲಿಂದ ಸಂಸಾರವೇ ಒಂದು ಕಂಪನಿ. ಹೆಂಡತಿ ವೆಂಡಿ ಹಿಂದೆ ರಾಜಕೀಯ ಪ್ರಚಾರದ ಕೆಲಸ ಮಾಡಿದವಳು. ಲೆಕ್ಕ ಗಂಡನ ಕೈಯಲ್ಲಿದ್ದರೆ ಸಂಧಾನ, ಲಾಬಿ ಎಲ್ಲ ಇವಳದು. ಸೀಸನ್ ಕಳೆದಂತೆ ಗಂಡನನ್ನೂ ಮೀರಿಸುತ್ತಾಳೆ. ಮನೆಯವರಿಗೋಸ್ಕರ ಅನ್ನುವ ಮಾತು ಕೊನೆ ತನಕ ಅವಳ ಬಾಯಲ್ಲಿ ಇದ್ದೇ ಇರುತ್ತದೆ, ಅದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಲಾರಾ ಲಿನ್ನಿ ಈ ಪಾತ್ರವನ್ನು ನಗುನಗುತ್ತಲೇ ಮಾಡಿದ್ದಾರೆ.

ಆದರೆ ಈ ಸೀರೀಸ್ ಕದ್ದವಳು ರೂತ್. ಟ್ರೇಲರ್ ಮನೆಯಲ್ಲಿ ಬೆಳೆದ, ಕಳ್ಳತನವೇ ಕಸುಬಾದ ಕುಟುಂಬದ ಹುಡುಗಿ, ಬಾಯಿ ತೆರೆದರೆ ಬೈಗುಳ. ಆ ಪಾತ್ರಕ್ಕೆ ಜೂಲಿಯಾ ಗಾರ್ನರ್ ಮೂರು ಎಮ್ಮಿ ಗೆದ್ದರು. ಬರ್ಡ್ ಸಂಸಾರ ಬದುಕಿ ಉಳಿಯಲು ಆ ಊರಿನ ಬಡವರು ಎಷ್ಟು ಬೆಲೆ ತೆರಬೇಕು ಅನ್ನುವುದು ರೂತ್ ಕಡೆಯಿಂದ ನೋಡಿದಾಗಲೇ ಗೊತ್ತಾಗುವುದು.

ಕೊರತೆಗಳೂ ಇವೆ. ಇಡೀ ಸೀರೀಸ್ ನೀಲಿ ಮಬ್ಬಿನಲ್ಲಿ ಅದ್ದಿದಂತಿದೆ. ಹಗಲಲ್ಲಿ ಕಿಟಕಿ ತೆರೆದಿಟ್ಟು ನೋಡಿದರೆ ಏನೂ ಕಾಣುವುದಿಲ್ಲ. ನಗು ಕಡಿಮೆ. ಒಂದು ಆಪತ್ತು ಮುಗಿಯುವ ಮೊದಲೇ ಇನ್ನೊಂದು ಬಾಗಿಲು ತಟ್ಟುತ್ತದೆ. ನಾಲ್ಕನೇ ಸೀಸನ್ ಹೊತ್ತಿಗೆ ಸುಸ್ತಾಗುತ್ತದೆ. ಕೊನೆಯ ಎಪಿಸೋಡ್ ಬಗ್ಗೆ ಜಗಳ ಇನ್ನೂ ನಿಂತಿಲ್ಲ. ಕಥೆಯ ಓಟ ಬೇಕು, ಒಂದೇ ವಾರದಲ್ಲಿ ಕೂತು ಮುಗಿಸಬೇಕು ಅನ್ನುವವರಿಗೆ ಮಾತ್ರ ಬ್ರೇಕಿಂಗ್ ಬ್ಯಾಡ್‌ಗಿಂತ ಇದೇ ಸರಿ. ಮೊದಲ ಎಪಿಸೋಡಿನಿಂದಲೇ ಕುತ್ತಿಗೆ ಹಿಡಿಯುತ್ತದೆ.

ಬೆಟರ್ ಕಾಲ್ ಸಾಲ್ (2015–2022)

ಬ್ರೇಕಿಂಗ್ ಬ್ಯಾಡ್‌ನ ಎರಡನೇ ಸೀಸನ್ನಿನಲ್ಲಿ ಸಾಲ್ ಗುಡ್‌ಮನ್ ಅನ್ನುವ ಲಾಯರ್ ಬರುತ್ತಾನೆ. ಬಣ್ಣಬಣ್ಣದ ಸೂಟು, ಟೀವಿ ಜಾಹೀರಾತು, ಎಲ್ಲ ಕೇಸಿಗೂ ಅಡ್ಡದಾರಿ. ಅವನು ಹಾಗಾಗುವ ಮೊದಲು ಯಾರಾಗಿದ್ದ ಅನ್ನುವುದು ಈ ಸೀರೀಸ್. ಕಥೆ 2002ರಲ್ಲಿ ಶುರುವಾಗುತ್ತದೆ. ಆಗ ಅವನ ಹೆಸರು ಜಿಮ್ಮಿ ಮೆಕ್‌ಗಿಲ್. ಅಣ್ಣ ಚಕ್ ಊರಿಗೇ ದೊಡ್ಡ ವಕೀಲ. ತಮ್ಮ ಎಷ್ಟು ಓದಿದರೂ, ಎಷ್ಟು ಸೇವೆ ಮಾಡಿದರೂ ಅಣ್ಣನ ಕಣ್ಣಿಗೆ ಹಳೇ ಪುಂಡನೇ.

ಇಲ್ಲಿ ಮನೆಯವರಿಗೋಸ್ಕರ ಅನ್ನುವ ನೆಪವೇ ಇಲ್ಲ. ಜಿಮ್ಮಿಗೆ ಬೇಕಿರುವುದು ಅಣ್ಣನ ಒಂದು ಒಳ್ಳೆ ಮಾತು. ಅದು ಸಿಗದೆ ಹೋದಾಗ ಮನುಷ್ಯ ಏನಾಗುತ್ತಾನೆ ಅನ್ನುವುದನ್ನು ಇಷ್ಟು ತಾಳ್ಮೆಯಿಂದ ಹೇಳಿದ ಸೀರೀಸ್ ನಾನು ಬೇರೆ ನೋಡಿಲ್ಲ. ಜೊತೆಗೆ ಕಿಮ್ ವೆಕ್ಸ್ಲರ್ ಇದ್ದಾಳೆ. ರಿಯಾ ಸೀಹಾರ್ನ್ ಮಾಡಿದ ಈ ಪಾತ್ರದ ಬಗ್ಗೆ ಏನು ಹೇಳಿದರೂ ಕಥೆ ಹೇಳಿದಂತಾಗುತ್ತದೆ, ಬೇಡ. ಈ ಸೀರೀಸಿಗೆ ಒಟ್ಟು 53 ಎಮ್ಮಿ ನಾಮನಿರ್ದೇಶನ ಬಂದರೂ ಒಂದೂ ಕೈಗೆ ಸಿಗಲಿಲ್ಲ. ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಡ್ರಗ್ಸ್ ದಂಧೆ ಇಲ್ಲಿ ಪಕ್ಕದ ಗೆರೆಯಲ್ಲಿ ನಡೆಯುತ್ತದೆ. ಮೊದಲ ಎರಡು ಸೀಸನ್ ಬರೀ ವಕೀಲಿಕೆ, ಕಾಗದ ಪತ್ರ, ವೃದ್ಧಾಶ್ರಮದ ಬಿಲ್ಲು ಅನ್ನಿಸಬಹುದು. ಎರಡೂ ಗೆರೆಗಳು ಒಂದನ್ನೊಂದು ಕತ್ತರಿಸಿದ ಮೇಲೆ ಮಾತ್ರ ಎದ್ದೇಳಲು ಆಗುವುದಿಲ್ಲ.

ವೀಡ್ಸ್ (2005–2012)

ಬ್ರೇಕಿಂಗ್ ಬ್ಯಾಡ್‌ಗಿಂತ ಮೂರು ವರ್ಷ ಮೊದಲೇ ಬಂದದ್ದು. ಕ್ಯಾಲಿಫೋರ್ನಿಯಾದ ಅಗ್ರೆಸ್ಟಿಕ್ ಅನ್ನುವ ಕಾಲ್ಪನಿಕ ಬಡಾವಣೆ, ಒಂದೇ ಅಚ್ಚಿನ ಮನೆಗಳು. ನ್ಯಾನ್ಸಿ ಬಾಟ್ವಿನ್‌ನ ಗಂಡ ಓಡುತ್ತಿರುವಾಗಲೇ ಹೃದಯಾಘಾತದಿಂದ ಸತ್ತಿದ್ದಾನೆ. ಇಬ್ಬರು ಗಂಡು ಮಕ್ಕಳು, ದೊಡ್ಡ ಮನೆ, ಕೈಯಲ್ಲಿ ದುಡ್ಡಿಲ್ಲ. ಅಕ್ಕಪಕ್ಕದವರಿಗೆ ಗಾಂಜಾ ಮಾರಲು ಶುರು ಮಾಡುತ್ತಾಳೆ. ಗಿರಾಕಿಗಳೂ ಮರ್ಯಾದಸ್ಥರೇ: ಅಕೌಂಟೆಂಟು, ಲಾಯರು. ಇಂಥ ಸೀರೀಸ್ ಒಂದಿದೆ ಅಂತ ಮೊದಲೇ ಗೊತ್ತಿದ್ದರೆ ಬ್ರೇಕಿಂಗ್ ಬ್ಯಾಡ್ ಕೈಗೆತ್ತಿಕೊಳ್ಳುತ್ತಲೇ ಇರಲಿಲ್ಲ ಅಂತ ಗಿಲಿಗನ್ ಸಂದರ್ಶನದಲ್ಲಿ ಹೇಳಿದ್ದಾರೆ. ಗೊತ್ತಿರದೆ ಇದ್ದದ್ದೇ ನಮ್ಮ ಪುಣ್ಯ.

ಇದು ನಗಿಸುತ್ತದೆ, ಬೇಗ ಮುಗಿಯುತ್ತದೆ, ಊಟ ಮಾಡುತ್ತಾ ನೋಡಬಹುದು. ನೆಪದ ಬಗ್ಗೆ ನ್ಯಾನ್ಸಿ ಹೆಚ್ಚು ತಲೆ ಕೆಡಿಸಿಕೊಳ್ಳುವುದೂ ಇಲ್ಲ. ಅವಳಿಗೆ ಅಪಾಯದ ಚಟ ಹತ್ತಿದೆ, ಅದು ಅವಳಿಗೂ ಗೊತ್ತು. ಮೂರು ಸೀಸನ್ ನೋಡಿ ನಿಲ್ಲಿಸಿದರೂ ನಷ್ಟವಿಲ್ಲ. ಆಮೇಲೆ ಕಥೆ ಊರು ಬಿಟ್ಟು ಗಡಿ ಕಡೆ ಹೋಗುತ್ತದೆ, ಹಿಡಿತವೂ ತಪ್ಪುತ್ತದೆ.

ಇವು ಯಾವುವೂ ಬೇಡ ಅಂದರೆ

ದಂಧೆ ನಿಜವಾಗಿ ಹೇಗೆ ನಡೆಯುತ್ತದೆ, ಪೊಲೀಸರು, ಶಾಲೆ, ಪತ್ರಿಕೆ, ರಾಜಕೀಯ ಎಲ್ಲ ಅದಕ್ಕೆ ಹೇಗೆ ತಗುಲಿಕೊಂಡಿವೆ ಅಂತ ನೋಡಬೇಕಾದರೆ ಎಚ್‌ಬಿಒದ ‘ದಿ ವೈರ್’ ಇದೆ. ಬಾಲ್ಟಿಮೋರ್ ನಗರದ ಕಥೆ. ಸೃಷ್ಟಿಸಿದ ಡೇವಿಡ್ ಸೈಮನ್ ಅಲ್ಲಿಯೇ ಕ್ರೈಮ್ ವರದಿಗಾರರಾಗಿದ್ದವರು. ಅಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಕೆಡುವುದಿಲ್ಲ, ಇಡೀ ಊರೇ ಕೆಟ್ಟಿದೆ. ಮಾತು ಅರ್ಥವಾಗಲು ಸಬ್‌ಟೈಟಲ್ ಬೇಕೇ ಬೇಕು. ‘ನಾರ್ಕೋಸ್’ ಕೊಲಂಬಿಯಾದ ಡ್ರಗ್ಸ್ ದೊರೆ ಪಾಬ್ಲೊ ಎಸ್ಕೊಬಾರ್‌ನ ಕಥೆ, ಇತಿಹಾಸದ ರುಚಿ ಇದ್ದವರಿಗೆ. ಕಾಲೇಜು ಹುಡುಗರಿಗೆ ಜರ್ಮನಿಯ ‘ಹೌ ಟು ಸೆಲ್ ಡ್ರಗ್ಸ್ ಆನ್‌ಲೈನ್ ಫಾಸ್ಟ್’ ಹಿಡಿಸಬಹುದು. ಬಿಟ್ಟುಹೋದ ಗೆಳತಿಯನ್ನು ಮೆಚ್ಚಿಸಲು ಹೋಗಿ ಶಾಲೆಯ ಹುಡುಗನೊಬ್ಬ ಮಲಗುವ ಕೋಣೆಯಿಂದಲೇ ಆನ್‌ಲೈನ್ ಅಂಗಡಿ ತೆರೆಯುವ ಕಥೆ. ಲೈಪ್‌ಜಿಗ್‌ನಲ್ಲಿ ನಡೆದ ನಿಜ ಪ್ರಕರಣವೊಂದು ಅದಕ್ಕೆ ಪ್ರೇರಣೆ.

ಮನೆಮಂದಿಯೆಲ್ಲ ಕೂತು ನೋಡುವಂಥದ್ದು ಈ ಪಟ್ಟಿಯಲ್ಲಿ ಒಂದೂ ಇಲ್ಲ. ವೀಡ್ಸ್ ಹಗುರ ಅಂತ ಅಪ್ಪ ಅಮ್ಮನ ಎದುರು ಹಾಕಿ ಪೇಚಿಗೆ ಸಿಕ್ಕಬೇಡಿ, ಹಸಿಬಿಸಿ ದೃಶ್ಯ ಜಾಸ್ತಿ ಇರುವುದು ಅದರಲ್ಲೇ. ಓಜಾರ್ಕ್‌ನಲ್ಲಿ ಹಿಂಸೆ, ಬೈಗುಳ ಎರಡೂ ಧಾರಾಳ. ದೊಡ್ಡವರ ಜೊತೆ ನೋಡಲೇಬೇಕು ಅಂದರೆ ಬೆಟರ್ ಕಾಲ್ ಸಾಲ್ ಒಂದಿಷ್ಟು ವಾಸಿ. ಅಣ್ಣ ತಮ್ಮಂದಿರ ಜಗಳ ಯಾರಿಗೆ ತಾನೇ ಅರ್ಥವಾಗುವುದಿಲ್ಲ?

ಬ್ರೇಕಿಂಗ್ ಬ್ಯಾಡ್ ಮತ್ತು ಬೆಟರ್ ಕಾಲ್ ಸಾಲ್ ಎರಡನ್ನೂ ನೋಡುವ ಯೋಚನೆ ಇದ್ದರೆ ಯಾವುದು ಮೊದಲು? ಕಾಲದ ಪ್ರಕಾರ ಸಾಲ್ ಮೊದಲು ಬರುತ್ತದೆ, ಅದನ್ನೇ ಮೊದಲು ನೋಡಿ ಅನ್ನುವವರಿದ್ದಾರೆ. ಅವರ ಮಾತು ಕೇಳಬೇಡಿ. ಸಾಲ್‌ನಲ್ಲಿ ಆಗಾಗ ಬರುವ ಕಪ್ಪು-ಬಿಳುಪು ದೃಶ್ಯಗಳು ಬ್ರೇಕಿಂಗ್ ಬ್ಯಾಡ್ ಮುಗಿದ ಮೇಲಿನ ಕಾಲದವು. ಮೊದಲು ಸಾಲ್ ನೋಡಿದರೆ ಬ್ರೇಕಿಂಗ್ ಬ್ಯಾಡ್‌ನ ಕೊನೆ ಬಿಟ್ಟುಕೊಟ್ಟಂತೆ. ಮೊದಲು ಬ್ರೇಕಿಂಗ್ ಬ್ಯಾಡ್, ಆಮೇಲೆ ಜೆಸ್ಸಿಯ ಕಥೆ ಮುಂದುವರಿಸುವ 2019ರ ‘ಎಲ್ ಕಮಿನೊ’ ಸಿನಿಮಾ, ಆಮೇಲೆ ಸಾಲ್. ಮೂರೂ ನೆಟ್‌ಫ್ಲಿಕ್ಸ್‌ನಲ್ಲೇ ಸಿಗುತ್ತವೆ. ನಡುವೆ ಒಂದೆರಡು ವಾರ ಬಿಡುವು ಕೊಟ್ಟರೆ ಒಳ್ಳೆಯದು. ವಾಲ್ಟರ್‌ನ ಅವಸರ ತಲೆಯಲ್ಲಿರುವಾಗಲೇ ಜಿಮ್ಮಿಯ ನಿಧಾನಕ್ಕೆ ಕೂತರೆ ಕೈ ರಿಮೋಟಿಗೆ ಹೋಗುತ್ತದೆ.

ಇಷ್ಟೆಲ್ಲ ಮುಗಿದ ಮೇಲೂ ಹಸಿವು ತೀರದವರಿಗೆ ಕೊಲಂಬಿಯಾದವರು 2014ರಲ್ಲಿ ಮಾಡಿದ ‘ಮೆಟಾಸ್ಟಾಸಿಸ್’ ಇದೆ. ಬ್ರೇಕಿಂಗ್ ಬ್ಯಾಡ್‌ನ ಸ್ಪ್ಯಾನಿಷ್ ರಿಮೇಕ್, ಹೆಚ್ಚುಕಡಿಮೆ ದೃಶ್ಯಕ್ಕೆ ದೃಶ್ಯ. ವಾಲ್ಟರ್ ವೈಟ್ ಅಲ್ಲಿ ವಾಲ್ಟರ್ ಬ್ಲಾಂಕೊ. ಅಮೆರಿಕದಲ್ಲಿ ಮೇಷ್ಟ್ರು, ಶಿಷ್ಯ ಮರುಭೂಮಿಗೆ ಒಯ್ಯುತ್ತಿದ್ದ ಮೋಟರ್ ಹೋಮ್ (ಒಳಗೇ ವಾಸ ಮಾಡಬಹುದಾದ ದೊಡ್ಡ ವ್ಯಾನ್) ಕೊಲಂಬಿಯಾದಲ್ಲಿ ಅಷ್ಟಾಗಿ ಕಾಣಸಿಗುವುದಿಲ್ಲ. ಹಾಗಾಗಿ ಅಲ್ಲಿ ಮೆತ್ ತಯಾರಾಗುವುದು ಒಂದು ಹಳೇ ಸ್ಕೂಲ್ ಬಸ್ಸಿನಲ್ಲಿ. ಪೂರ್ತಿ ನೋಡಿ ಅಂತ ನಾನು ಹೇಳುವುದಿಲ್ಲ. ಬಸ್ಸಿಗೋಸ್ಕರ ಎರಡು ಎಪಿಸೋಡ್ ನೋಡಬಹುದು.